ಸವಳು ನೀರಿನ ಊರಿಗೆ ಸುತ್ತಿಗೆ ಹಿಡಿದು ಬಂದವಳು

ನಾವು ಬೆಟಗೇರಿಗೆ ಬಂದ ವಾರದೊಳಗೆ ಪಕ್ಕದ ಓಣಿಯ ಒಂದು ಮನೆಯ ಗೀಸರ್ ತಗಡಿನ ಮಾಡು ಹರಿದುಕೊಂಡು ಹಾರಿ ರಸ್ತೆಗೆ ಬಿತ್ತು. ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಸದ್ದಿಗೆ ಕಾಯಿಕಡಿ ಕೈಜಾರಿತು. ಓಡಿ ಹೋಗಿ ನೋಡಿದರೆ ಬಚ್ಚಲಿಗೆ ಗೋಡೆಯೇ ಇಲ್ಲ. ಮನೆಯ ಯಜಮಾನ ಇಟ್ಟಿಗೆಗಳಡಿ ಕಾಲು ಸಿಕ್ಕಿಕೊಂಡು ಅರಚುತ್ತಿದ್ದ. ನಡುರಸ್ತೆಯಲ್ಲಿ ಹೊಟ್ಟೆ ಸೀಳಿದ ಟ್ಯಾಂಕು ಹಬೆಯಾಡುತ್ತ ಬಿದ್ದಿತ್ತು. ಅದರೊಳಗಿಂದ ಚೆಲ್ಲಿದ್ದ ಬಿಳಿಯ ಚೂರೊಂದನ್ನು ಹೆಕ್ಕಿ ಹಿಚುಕಿದೆ. ಕಲ್ಲು. ನೀರಿನಲ್ಲಿ ಕಲ್ಲು ಬೆಳೆಯುತ್ತದೆಂದು ನನಗೆ ತಿಳಿದದ್ದು ಹಾಗೆ.

ಕುಂದಾಪುರದಲ್ಲಿ ಅಪ್ಪನ ರಿಪೇರಿ ಅಂಗಡಿಯಲ್ಲೇ ಬೆಳೆದವಳು ನಾನು. ಫ್ಯಾನು, ಮಿಕ್ಸಿ, ಪಂಪು, ಗೀಸರ್ ಎಲ್ಲ ಬಿಚ್ಚಿ ಕೂರಿಸಬಲ್ಲೆ. ಆದರೆ ನಮ್ಮೂರಿನ ಗೀಸರ್ ಸಾಧು ಪ್ರಾಣಿ. ಸಾಯುವುದಾದರೆ ತುಕ್ಕು ಹಿಡಿದು ಸದ್ದಿಲ್ಲದೆ ಸಾಯುತ್ತದೆ. ಬಾವಿಯ ನೀರು ಮೆದು; ನೀರು ಕಾಯಿಸುವ ಕಾಯಿಲ್ ಎಷ್ಟು ವರ್ಷವಾದರೂ ಬರೀ ಮಸಿ ಹಿಡಿದ ಹಾಗಿರುತ್ತದೆ. ಇಲ್ಲಿಯದು ಬೋರಿನ ನೀರು. ಸುಣ್ಣ, ಉಪ್ಪು ಎಲ್ಲ ಸೇರಿದ ಈ ನೀರಿಗೆ ಇವರು ಸವಳು ನೀರು ಅನ್ನುತ್ತಾರೆ. ಅದರಲ್ಲಿ ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ನನ್ನ ಕೂದಲು ತೆಂಗಿನ ನಾರಿನ ಹಾಗಾಯಿತು. ಮೊದಲ ತಿಂಗಳು ದಿನಾ ಸ್ನಾನ ಮಾಡಿ ಅತ್ತಿದ್ದೇನೆ. ಗಂಡನಿಗೆ ಮುಂಡರಗಿ ಕಡೆಯ ಗುಡ್ಡಗಳಲ್ಲಿ ಗಾಳಿಯಂತ್ರಗಳ ಕೆಲಸ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ನನಗೆ ಮಾತಾಡಲು ಗೋಡೆಗಳಿದ್ದವು.

ಆಮೇಲೆ ಸ್ಕೂಟರಿನ ಮುಂದೆ ಸುತ್ತಿಗೆ, ಉಳಿ, ಆಸಿಡ್ ಡಬ್ಬಿ ಇಟ್ಟುಕೊಂಡು ಗೀಸರ್ ರಿಪೇರಿಗೆ ಹೊರಟೆ. ಬಚ್ಚಲೊಳಗೆ ಗಂಡಸನ್ನು ಬಿಡಲು ಇಲ್ಲಿಯ ಹೆಂಗಸರಿಗೆ ಮುಜುಗರ, ಬಾಣಂತಿಯಿರುವ ಮನೆಯಲ್ಲಂತೂ ಆ ಮಾತೇ ಇಲ್ಲ. ಹಾಗಾಗಿ ಕರೆಗಳು ಬಂದವು. ಶಿರಹಟ್ಟಿಯ ಸುಣ್ಣ ಹಪ್ಪಳದ ಹಾಗೆ ಏಳುತ್ತದೆ. ಹಿರೇವಡ್ಡಟ್ಟಿಯದು ಕಾಯಿಲನ್ನು ಕಚ್ಚಿ ಹಿಡಿದು, ಉಳಿಯ ಬಾಯಿಯನ್ನೇ ಮುರಿಯುತ್ತದೆ. ಊರಲ್ಲಿ ನಾವು ಮಾಡುತ್ತಿದ್ದುದು ರಿಪೇರಿ, ಇಲ್ಲಿ ಮಾಡುವುದು ಹೊಡೆದಾಟ. ಆಸಿಡ್ ಸುರಿದರೆ ಬುಸ್ಸೆಂದು ನೊರೆಯುಕ್ಕಿ ಗಂಟಲು ಹರಿಯುತ್ತದೆ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು, ಈ ಕೆಲಸ ಒಗ್ಗಿತು. “ಹೆಸರು ಗುಲಾಬಿ, ಕೈಯಾಗ ಸುತ್ತಿಗಿ” ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ನಮ್ಮ ಮನೆಯ ಒಡತಿ ಕಸ್ತೂರೆವ್ವ. ಮುಂದಿನ ಮನೆಯಲ್ಲಿ ಅವರು, ಹಿಂದಿನ ಎರಡು ಕೋಣೆಯಲ್ಲಿ ನಾವು. ಮಗ ಈರಣ್ಣ ಕೈಮಗ್ಗದಲ್ಲಿ ಸೀರೆ ನೇಯುತ್ತಾನೆ. ನಾನು ಊಟ ಬಿಟ್ಟು ಕೂತಿದ್ದಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದು ಮುಂದಿಟ್ಟು, “ಉಣ್ಣು. ಅಳಾಕರ ಶಕ್ತಿ ಬೇಕಲ್ಲ” ಎಂದ ಮೊದಲನೆಯವಳು ಕಸ್ತೂರೆವ್ವ. ಆಕೆಯ ಮಗಳು ನೀಲಾ ಹೆರಿಗೆಗೆ ತವರಿಗೆ ಬಂದಾಗ ಈರಣ್ಣ ಗೀಸರ್ ತಂದ.

ಬಾಣಂತಿಯ ನೀರು ನಮ್ಮಲ್ಲೂ ಬಿಸಿಯೇ. ಆದರೆ ಕಸ್ತೂರೆವ್ವನ ಲೆಕ್ಕದಲ್ಲಿ ಮೈ ಕೆಂಪಾಗದಿದ್ದರೆ ಅದು ನೀರೇ ಅಲ್ಲ. ಗೀಸರಿನ ತಳದಲ್ಲಿ ಸುಣ್ಣ ಕೂತು ಗುಡುಗುಡು ಅನ್ನತೊಡಗಿದಾಗ ನನಗೆ ಅಂದು ರಸ್ತೆಗೆ ಬಿದ್ದ ಟ್ಯಾಂಕು ನೆನಪಾಯಿತು, ಆಕೆಗೆ ಖುಷಿಯಾಯಿತು. “ನೀರು ಮಾತಾಡಾಕ ಹತ್ತೈತಿ. ಬಾ ನೀಲಾ, ಎರೀತೀನಿ” ಎಂದು ಮಗಳನ್ನು ಕರೆಯುತ್ತಿದ್ದಳು.

ಒತ್ತಡ ಹೆಚ್ಚಾದಾಗ ನೀರನ್ನು ಹೊರಗೆ ಬಿಟ್ಟು ಟ್ಯಾಂಕನ್ನು ಕಾಯುವುದು ಸೇಫ್ಟಿ ವಾಲ್ವು. ಸವಳು ನೀರಿನಲ್ಲಿ ಅದರ ಬಾಯಿಗೂ ಸುಣ್ಣ ಕೂತು ಸದಾ ತೊಟ್ಟಿಕ್ಕುತ್ತದೆ. ನಾನದನ್ನು ಕೆರೆದು ಕೂರಿಸಿ, ಕೆಳಗೆ ಬಕೀಟಿಟ್ಟು, ಹನಿದರೆ ಹನಿಯಲಿ, ಮುಚ್ಚಬೇಡಿ ಎಂದು ಹೇಳಿದ್ದೆ. ಪೋಲಾಗುವ ನೀರು ಕಂಡು ಕಸ್ತೂರೆವ್ವನಿಗೆ ಸಂಕಟ. “ನಿಮ್ಮೂರಾಗ ಆಕಾಶನ ಬಾಯಿ ಬಿಟ್ಟೈತಿ. ನಮ್ಮೂರಾಗ ನಳದ ಬಾಯಿ ಮುಚ್ಚೈತಿ. ಹನಿ ಹನಿ ಹೋದ್ರ ನಾಳಿಗೆ ಕೂಸಿಗೆ ಏನ್ ಎರೀಲಿ?” ಅಂದಳು. ನಳಕ್ಕೆ ನೀರು ಬಿಡುವ ದಿನವನ್ನು ಹಬ್ಬದ ಹಾಗೆ ಕಾಯುವ ಊರಿದು.

ಅಂದು ಬೆಳಿಗ್ಗೆ ಲಕ್ಷ್ಮೇಶ್ವರಕ್ಕೆ ಹೊರಟು ಸ್ಕೂಟರಿಗೆ ಚೀಲ ಕಟ್ಟುತ್ತಿದ್ದೆ. ಬಚ್ಚಲಿನಿಂದ ಸದ್ದು ಬಂತು. ಅದು ದಿನದ ಗುಡುಗುಡು ಅಲ್ಲ, ಯಾರೋ ಹಲ್ಲು ಕಡಿಯುವ ಹಾಗಿತ್ತು. ಓಡಿ ಬಾಗಿಲು ದೂಡಿದೆ. ನೀಲಾ ಒದ್ದೆ ಸೀರೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಕಸ್ತೂರೆವ್ವ ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕುತ್ತಿದ್ದಳು. ನಳ ಪೂರಾ ತಿರುಗಿಸಿದ್ದರೂ ಸುಣ್ಣ ಕಟ್ಟಿ ನೂಲಿನಷ್ಟೇ ನೀರು, ಮಿಕ್ಕಿದ್ದು ಬುಸುಗುಟ್ಟುವ ಹಬೆ. ವಾಲ್ವಿನ ಬಾಯಿಗೆ ಕಟ್ಟಿಗೆಯ ಬೆಣೆ ಹೊಡೆದು ಮಗ್ಗದ ಹಾಸಿನ ನೂಲಿನಿಂದ ಬಿಗಿದಿತ್ತು, ನೇಕಾರರ ಗಂಟು. ನೀರು ಇನ್ನೂ ಕಾಯಲಿ ಎಂದು ಈರಣ್ಣ, ಕಾವು ಹೆಚ್ಚಿದರೆ ಕರೆಂಟು ಕಡಿಯುವ ಥರ್ಮೋಸ್ಟ್ಯಾಟ್ ತಪ್ಪಿಸಿ ವೈರನ್ನು ನೇರವಾಗಿ ಕಾಯಿಲಿಗೇ ಕೊಟ್ಟಿದ್ದ. ಟ್ಯಾಂಕಿನ ತಳ ಉಬ್ಬಿತ್ತು.

ಸ್ವಿಚ್ಚಿಗೆ ಹೊಡೆದು ಆರಿಸಿದೆ. ಉಬ್ಬಿದ್ದು ಇಳಿಯಲಿಲ್ಲ. “ಹೊರಗ ಬರ್ರಿ! ಒಡಿತೈತಿ!” ಎಂದು ಕಿರುಚಿದೆ.

“ಬಾಗಲಾ ಹಾಕ ಮೊದ್ಲ! ಬಾಣಂತಿಗೆ ಥಂಡಿ ಹೊಗತೈತಿ!” ಎಂದು ಕಸ್ತೂರೆವ್ವ ತಿರುಗಿ ಕಿರುಚಿದಳು. ನೀರು ಎರೆಯುವಾಗ ಬಾಣಂತಿಯನ್ನು ಎಬ್ಬಿಸಬಾರದು, ಎರೆಯುವವಳ ಹೊರತು ಯಾರೂ ಮುಟ್ಟಬಾರದು. ನನಗೂ ಗೊತ್ತಿತ್ತು. ಆ ಹೊತ್ತಿಗೆ ಆ ರೂಢಿಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಕೂಸನ್ನು ಆಕೆಯ ಕಾಲ ಮೇಲಿಂದ ಕಿತ್ತುಕೊಂಡೆ. ಎಣ್ಣೆಗೆ ಜಾರುವ ಮೈ. ವೇಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. ಇನ್ನೊಂದು ಕೈಯಿಂದ ನೀಲಾಳ ಜಡೆ ಹಿಡಿದು ಎಳೆದೆ. ಆಕೆ ನನ್ನ ಮುಂಗೈ ಕಚ್ಚಿದಳು. ಕಸ್ತೂರೆವ್ವ ಬೆನ್ನಿಗೆ ಗುದ್ದುತ್ತ ಹಿಂದೆಯೇ ಬಂದಳು. ಹಾಗೇ ಒಬ್ಬರ ಮೇಲೊಬ್ಬರು ಅಂಗಳಕ್ಕೆ ಬಿದ್ದೆವು.

ಮಗ್ಗದಿಂದ ಎದ್ದು ಬಂದ ಈರಣ್ಣ ಕಂಡದ್ದು ಇಷ್ಟು: ಬಾಣಂತಿ ಅಕ್ಕ ಸೀರೆ ಜಾರಿ ನೆಲದ ಮೇಲಿದ್ದಾಳೆ, ಓಣಿಯೆಲ್ಲ ಇಣುಕುತ್ತಿದೆ, ಪರಊರಿನ ಹೆಂಗಸು ಕೂಸನ್ನು ಹಿಡಿದುಕೊಂಡಿದ್ದಾಳೆ. “ಯಾಕಲೇ, ತಲಿ ಕೆಟ್ಟೈತೇನ್ ನಿಂದು?” ಎಂದವನೇ ಕೈಯಲ್ಲಿದ್ದ ಮಗ್ಗದ ಲಾಳಿಯಿಂದ ಹಣೆಗೆ ಬಾರಿಸಿದ. ಕಬ್ಬಿಣದ ಮೂತಿಯ ಲಾಳಿ. ಹುಬ್ಬು ಹರಿದು ಕಣ್ಣಿಗೆ ರಕ್ತ ಇಳಿಯಿತು. ಮತ್ತೆ ಸೊಂಟಕ್ಕೆ ಒದ್ದ. ಕೂಸು ಬಿದ್ದೀತೆಂದು ನಾನು ಕೈ ಎತ್ತಲಿಲ್ಲ. ಇಲ್ಲದಿದ್ದರೆ ಅವನ ಮೂಗು ಮುರಿಯುತ್ತಿದ್ದೆ, ಅದು ಖರೆ.

ಅವನು ಮೂರನೆಯ ಸಲ ಕೈ ಎತ್ತಿದಾಗ ಬಚ್ಚಲು ಸಿಡಿಯಿತು.

ಬಾಗಿಲು ಕಿತ್ತು ತುಳಸಿಕಟ್ಟೆಗೆ ಬಡಿಯಿತು. ಕುದಿನೀರು, ಸುಣ್ಣ, ಇಟ್ಟಿಗೆ ಒಟ್ಟಿಗೆ ಹೊರಬಂದವು. ಹಬೆ ಇಳಿದ ಮೇಲೆ ನೋಡಿದರೆ ನೀಲಾ ಕೂತಿದ್ದ ಮಣೆ ಎರಡು ಹೋಳಾಗಿತ್ತು. ಕೂಸು ನನ್ನ ಎದೆಯ ಮೇಲೆ ಅಳುತ್ತಿತ್ತು. ಈರಣ್ಣ ಅಲ್ಲೇ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಎದ್ದು ನನ್ನ ಸುತ್ತಿಗೆ ತೆಗೆದುಕೊಂಡು ಒಡೆದ ಟ್ಯಾಂಕನ್ನು ಬಡಿಯತೊಡಗಿದ. ಅಂಗೈ ಕಿತ್ತುಹೋಗುವ ತನಕ ಬಡಿದ. ಯಾರೂ ತಡೆಯಲಿಲ್ಲ.

ಸಂಜೆ ಗಂಡ ಬಂದು ನನ್ನ ಹುಬ್ಬಿನ ಹೊಲಿಗೆ ನೋಡಿ, “ಸಾಕು. ಊರಿಗೆ ಹೋಪ” ಅಂದ. ನಾನೂ ಹೂಂಗುಟ್ಟಿ ಬಟ್ಟೆ ಮಡಚಿಟ್ಟೆ. ಹೊಡೆತಕ್ಕಿಂತ ಈರಣ್ಣನ ಆ ಮಾತು, ಪರಊರಿನವಳೆಂದು ನೋಡಿದ ಆ ಓಣಿಯ ಕಣ್ಣುಗಳು ಹೆಚ್ಚು ನೋಯಿಸುತ್ತಿದ್ದವು.

ಬೆಳಿಗ್ಗೆ ಕಸ್ತೂರೆವ್ವ ಬಂದು ಕೈ ಹಿಡಿದು ಎಳೆದಳು. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಹಂಡೆಯಿಟ್ಟು ಕಟ್ಟಿಗೆ ಉರಿ ಹಾಕಿದ್ದಳು. ಸುತ್ತ ಹಳೆಯ ಸೀರೆಗಳ ಮರೆ. ಒಡೆದ ಮಣೆಯ ಒಂದು ಹೋಳಿನ ಮೇಲೆ ನನ್ನನ್ನು ಕೂರಿಸಿ, ಗಾಯಕ್ಕೆ ತಾಗದಂತೆ ತಲೆ ಹಿಂದಕ್ಕೆ ಬಾಗಿಸಿ, ಬೆನ್ನಿಗೆ ರಪ್ಪೆಂದು ನೀರು ಹೊಯ್ದಳು.

“ಸುಡ್ತದೆ!”

“ಸುಡಲಿ. ಒದ್ದ ನೋವು ಇಳಿತೈತಿ.” ಇನ್ನೊಂದು ಚೊಂಬು ಸುರಿದಳು. “ಬೆಣಿ ಹೊಡದಾಕಿ ನಾನು. ನೂಲು ಬಿಗದಾಕಿನೂ ನಾನ.” ಚೊಂಬು ಕೆಳಗಿಟ್ಟು ಅಂದಳು: “ನೀ ನಮ್ಮೂರಾಕಿ ಆಗಿದ್ರ ಅಂವ ನಿನ್ನ ಮ್ಯಾಲ ಕೈ ಎತ್ತತಿದ್ದಿಲ್ಲ.”

ಅಳುವುದೋ ಬೈಯುವುದೋ ತಿಳಿಯಲಿಲ್ಲ.

“ನಮ್ಮೂರಾಕಿ ಆಗಿದ್ರ ನೀನೂ ಬಾಣಂತಿ ಜಡಿಗೆ ಕೈ ಹಾಕತಿದ್ದಿಲ್ಲ. ನಾವೆಲ್ಲಾರೂ ಅಲ್ಲೇ ಕುಂತು ಬೆಂದು ಹೋಗತಿದ್ವಿ.” ಆಕೆಯ ಕೈ ನನ್ನ ತಲೆಯ ಮೇಲೆ ನಿಂತಿತು. “ಅದಕ್ಕ ಹೊರಗಿನಾಕಿ ಆಗೇ ಇರು, ಯವ್ವಾ. ಆದ್ರ ಇಲ್ಲೇ ಇರು.”

ಮಡಚಿದ ಬಟ್ಟೆಗಳನ್ನು ಮತ್ತೆ ಕಪಾಟಿಗೆ ಇಟ್ಟೆ. ಈರಣ್ಣ ಇಂದಿಗೂ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಆದರೆ ಓಣಿಯಲ್ಲಿ ಯಾರ ಮನೆಯ ಗೀಸರ್ ಗುಡುಗಿದರೂ ಮಗ್ಗ ಬಿಟ್ಟು ಬಂದು ನಮ್ಮ ಬಾಗಿಲು ಬಡಿಯುವವನು ಅವನೇ.

ಮೊನ್ನೆ ತಂಗಿಯ ಮದುವೆಗೆಂದು ಕುಂದಾಪುರಕ್ಕೆ ಹೋಗಿದ್ದೆ. ಬಾವಿಯ ನೀರಿನಲ್ಲಿ ಸಾಬೂನು ಹಚ್ಚಿದರೆ ಮೈತುಂಬ ನೊರೆ. ಎಷ್ಟು ನೀರು ಹೊಯ್ದರೂ ಜಾರುತ್ತಲೇ ಇದೆ, ತೊಳೆದ ಹಾಗೇ ಆಗುವುದಿಲ್ಲ. ಇಷ್ಟು ವರ್ಷ ಮಿಂದ ನೀರು, ಅಂದು ಮೈಗೆ ಹತ್ತಲಿಲ್ಲ.

ಅಮ್ಮ ಬಾಗಿಲು ತಟ್ಟಿದಳು. “ಎಷ್ಟ್ ಹೊತ್ ಮೀತೆ ಮಾರಾಯ್ತಿ?”

“ಆತ್ ಬೇ, ಬಂದೆ” ಅಂದೆ.

“ಬೇ ಅಂದ್ರ್ ಎಂತ? ಅದ್ ಯಾವ್ ಊರಿನ ಮಾತ್?” ಎಂದು ಅಮ್ಮ ಹೊರಗಿನಿಂದ ಕೇಳಿದಳು.