ಕೇಳದೆ ಉಳಿದ ನಾಲ್ಕು ಚೀಟಿಗಳು

ಕಳೆದ ವಾರ ನಮ್ಮೂರು ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಹೆಂಗಸು ಮೊಣಕಾಲಿಗೆ ನೋವಿನ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಕರ್ಪೂರ, ಬೆಳ್ಳುಳ್ಳಿ ಬೆರೆತ ಆ ವಾಸನೆ ಬಂದದ್ದೇ ನಾನು ಎದ್ದು ದೂರ ಹೋಗಿ ನಿಂತೆ. ಸಿದ್ದಾಪುರದ ಒಂದು ಕೋಣೆಯಲ್ಲಿ ಇದೇ ವಾಸನೆ ಇತ್ತು. ಅಲ್ಲಿ ಮಲಗಿದ್ದವರು ನನಗೆ ಮನಃಶಾಸ್ತ್ರ ಕಲಿಸಿದ ಮೇಡಂ.

ಎಲ್ಲವೂ ಸರಿಯಿದ್ದ ಕೊನೆಯ ದಿನ ಒಂದು ಶನಿವಾರ. ಶಿರಸಿಯ ಕಾಲೇಜಿನಲ್ಲಿ ಅಂದು ಪಾಠ ಮುಗಿದ ಮೇಲೆ ಕೊನೆಯ ವರ್ಷದ ನಾವು ಐದಾರು ಜನ ಮೇಡಂ ಅವರ ಮೇಜಿನ ಸುತ್ತ ಕುಳಿತಿದ್ದೆವು. ಒಬ್ಬೊಬ್ಬರೂ ಒಂದು ಸಣ್ಣ ಸಂಶೋಧನೆ ಮಾಡಬೇಕಿತ್ತು. ವಿಷಯವನ್ನು ನಾವೇ ಹುಡುಕಿ ತರಬೇಕು. ನಾನು ಬರೆದುಕೊಂಡು ಹೋಗಿದ್ದು, 'ಒಂಟಿಯಾಗಿರುವವರಿಗೆ ಹೊತ್ತು ಹೋಗುವುದಿಲ್ಲ' ಎಂದು. ನಮ್ಮ ಅಬ್ಬಾ ಬಾಡಿಗೆಗೆ ಟೆಂಪೋ ತೆಗೆದುಕೊಂಡು ಹೋದ ದಿನಗಳಲ್ಲಿ ಅಮ್ಮಿ ಹೇಳುತ್ತಿದ್ದ ಮಾತು ಅದು.

"ಹೊತ್ತು ಹೋಗಲ್ಲ ಅಂದ್ರೆ ಎಂತದೇ ಮಾರಾಯ್ತಿ? ಜ್ವರ ಬಂದ್ರೆ ಥರ್ಮಾಮೀಟರ್ ಇಡ್ತೇವೆ. ಹೊತ್ತು ಹೋಗದಿದ್ರೆ ಎಲ್ಲಿ ಇಡ್ತೆ?" ಎಂದರು ಮೇಡಂ.

ಎಲ್ಲರೂ ನಕ್ಕರು. ಬಸ್ಸಿಗೆ ಕಾಯುವವರನ್ನು ಎಷ್ಟು ಹೊತ್ತಾಯಿತು ಎಂದು ಕೇಳುತ್ತೇನೆ ಎಂದೆ.

"ಅವರು ಅರ್ಧ ಗಂಟೆ ಅಂತಾರೆ. ನಿಜವಾಗಿ ಎಷ್ಟಾಯ್ತು ಅಂತ ನಿನಗೆ ಯಾರು ಹೇಳ್ತಾರೆ, ಕಂಟ್ರೋಲರ್ರಾ?"

ಹೀಗೆ ಕೆತ್ತುತ್ತಾ ಹೋದರು. ಕೊನೆಗೆ ಉಳಿದದ್ದು ಇಷ್ಟು: ನಲವತ್ತು ವಿದ್ಯಾರ್ಥಿಗಳು. ಅರ್ಧ ಜನ ಒಬ್ಬೊಬ್ಬರೇ, ಅರ್ಧ ಜನ ಇಬ್ಬಿಬ್ಬರಾಗಿ, ಗಡಿಯಾರ ಫೋನು ಇಲ್ಲದ ಕೋಣೆಯಲ್ಲಿ ಹತ್ತು ನಿಮಿಷ ಕೂರಬೇಕು. ಯಾರು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಆಮೇಲೆ ಎಷ್ಟು ನಿಮಿಷ ಆಗಿರಬಹುದು ಎಂದು ಕೇಳಬೇಕು. ಅಮ್ಮಿಯ ಮಾತು ಪರೀಕ್ಷೆಗೆ ನಿಲ್ಲುವಂಥದ್ದಾಯಿತು. ನನಗೆ ಆದ ಖುಷಿ ಈಗಲೂ ನೆನಪಿದೆ.

ಏಳುವ ಮೊದಲು ಮೇಡಂ ಹೇಳಿದರು, "ನೀನು ತಪ್ಪಾಗಿದ್ರೆ ಎಂತ ಕಾಣಬೇಕು, ಅದನ್ನ ಮೊದಲು ಬರಿ. ಮತ್ತೆ, ನಲವತ್ತು ಅಂದ್ರೆ ನಲವತ್ತು. ಇಪ್ಪತ್ತಕ್ಕೇ ಬೇಕಾದ ಉತ್ತರ ಸಿಕ್ತು ಅಂತ ನಿಲ್ಲಿಸಿದ್ರೆ ಅದು ಪರೀಕ್ಷೆ ಅಲ್ಲ, ಆಸೆ."

ಹಾಗೆಂದು ಸಿದ್ದಾಪುರದ ಬಸ್ಸಿಗೆ ಓಡಿದರು. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಬಲಗೈ, ಬಲಗಾಲು, ಮಾತು ಮೂರೂ ಹೋದವು.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನಾನು ವಾರಕ್ಕೊಮ್ಮೆ ಹೋಗತೊಡಗಿದೆ. ಎರಡು ಕೋಣೆಯ ಬಾಡಿಗೆ ಮನೆ. ಮೇಡಂ ಮದುವೆಯಾಗಿರಲಿಲ್ಲ. ಅವರ ಅಕ್ಕ ಜೊತೆಗಿದ್ದರು. ಎಷ್ಟು ಅರ್ಥವಾಗುತ್ತದೆ ಎಂದು ಹೇಳುವುದು ಕಷ್ಟ ಎಂದಿದ್ದರಂತೆ ಡಾಕ್ಟರು. ಅಕ್ಕನಿಗೆ ಮಾತ್ರ ಅನುಮಾನವೇ ಇರಲಿಲ್ಲ. "ಕಾಫಿ ಅಂದ್ರೆ ಸಾಕು, ಕಣ್ಣು ಅರಳ್ತದೆ ನೋಡು" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಕೈಯಲ್ಲಿ ಕಾಫಿ ಲೋಟ ಇರುತ್ತಿತ್ತು. ನಾನು ಅದನ್ನು ಗಮನಿಸಿದ್ದೆ.

ದಿನಾ ಎಣ್ಣೆ ತಿಕ್ಕಿ ವ್ಯಾಯಾಮ ಮಾಡಿಸಲು ಒಬ್ಬರು ಬರುತ್ತಿದ್ದರು. ಕೈ ಎತ್ತಿಸುವಾಗ ಮೇಡಂ ನರಳುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹೆಗಡೆಕಟ್ಟಾದಿಂದ ಬರುತ್ತಿದ್ದ ಅವರ ತಮ್ಮನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಮಂಚದ ಪಕ್ಕದಲ್ಲೇ ನಿಂತು ಮೇಡಂ ಕಡೆ ಕೈ ತೋರಿಸಿ, "ಅದಕ್ಕೆ ಎಂತೂ ಗೊತ್ತಾಗ್ತಿಲ್ಲೆ ಅಕ್ಕಾ. ಕಣ್ಣು ಬಿಡ್ತು ಅಷ್ಟೇಯ. ಸುಮ್ನೆ ಎಂತಕ್ಕೆ ಈ ನೋವು? ವ್ಯಾಯಾಮ ನಿಲ್ಸನ" ಎಂದರು.

"ಸುಮ್ನಿರು ತಮಾ, ಅದಕ್ಕೆ ಎಲ್ಲಾ ಕೇಳ್ತು" ಎಂದು ಅಕ್ಕ ಗದರಿದರು. ಆಮೇಲೆ ನನ್ನನ್ನು ಅಡುಗೆ ಕೋಣೆಗೆ ಕರೆದು, "ನೀ ಅದನ್ನೇ ಓದಿದವಳಲ್ಲನೇ? ಅವಳಿಗೆ ಗೊತ್ತಾಗ್ತದೆ ಅಂತ ಇವನಿಗೆ ತೋರಿಸಿಕೊಡು" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಮರಳುವ ಬಸ್ಸಿನಲ್ಲಿ ನೋಟುಪುಸ್ತಕ ತೆಗೆದು ಬರೆದೆ: 'ಮೇಡಂ ಅವರಿಗೆ ಮಾತು ಅರ್ಥವಾಗುತ್ತದೆ.' ಅರ್ಥವಾಗುತ್ತದೆ ಎಂದರೆ ಎಂತದು ಎಂದು ನನ್ನನ್ನೇ ಕೇಳಿಕೊಂಡೆ. ಕಣ್ಣು ನಂಬುವ ಹಾಗಿಲ್ಲ. ಕೈ ಹಿಡಿದು ಒತ್ತಿ ಎಂದರೆ ನನಗೆ ಗೊತ್ತಿಲ್ಲದೆ ನಾನೇ ಮೊದಲು ಒತ್ತಬಹುದು. ಗೀಟು ಹೊಡೆದು, ಅಳಿಸಿ, ಬರೆದು ಯಲ್ಲಾಪುರ ಮುಟ್ಟುವಾಗ ಒಂದು ದಾರಿ ಸಿಕ್ಕಿತು. ಎಡಗೈಯಲ್ಲಿ ಮಕ್ಕಳ ರಬ್ಬರ್ ಗೊಂಬೆ, ಒತ್ತಿದರೆ ಕೀಂ ಎನ್ನುವಂಥದ್ದು. ಹೌದಾದರೆ ಒತ್ತಬೇಕು, ಅಲ್ಲವಾದರೆ ಸುಮ್ಮನಿರಬೇಕು. ಹತ್ತು ಪ್ರಶ್ನೆ, ಐದಕ್ಕೆ ಉತ್ತರ ಹೌದು, ಐದಕ್ಕೆ ಅಲ್ಲ. ಚೀಟಿಗಳನ್ನು ಕಲಸಿ ಎತ್ತಬೇಕು. ಪ್ರಶ್ನೆ ಒಮ್ಮೆಯೇ ಕೇಳಿ, ನನ್ನ ಮುಖ ನೋಡಿ ತಿಳಿಯದಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಹತ್ತರವರೆಗೆ ಎಣಿಸಬೇಕು. ನಾನು ತಪ್ಪಾಗಿದ್ದರೆ ಹೌದಿಗೂ ಅಲ್ಲಕ್ಕೂ ಗೊಂಬೆ ಒಂದೇ ಥರ ಕೂಗುತ್ತದೆ, ಇಲ್ಲವೇ ಎರಡಕ್ಕೂ ಕೂಗುವುದಿಲ್ಲ. ಅದನ್ನೂ ಬರೆದೆ. ಮೇಡಂ ಇದ್ದಿದ್ದರೆ ಎಲ್ಲಿ ತಿದ್ದುತ್ತಿದ್ದರೋ…

ಮುಂದಿನ ವಾರ ಅಕ್ಕ ಮತ್ತು ತಮ್ಮ ಬಾಗಿಲಾಚೆ ನಿಂತರು. ಮೇಡಂ ಅವರಿಗೆ ಎಲ್ಲ ವಿವರಿಸಿ ಮೊದಲ ಚೀಟಿ ಎತ್ತಿದೆ. "ಇದು ಹುಬ್ಬಳ್ಳಿಯಾ ಮೇಡಂ?" ಗೊಂಬೆ ಸುಮ್ಮನಿತ್ತು. "ನಾನು ನಿಮ್ಮ ಅಕ್ಕನಾ?" ಸುಮ್ಮನಿತ್ತು. "ನೀವು ಶಿರಸಿಯಲ್ಲಿ ಪಾಠ ಮಾಡ್ತಿದ್ರಾ?" ಎಂಟು ಎಣಿಸುವಾಗ ಕೀಂ ಎಂದಿತು. ನಾಲ್ಕನೆಯ, ಐದನೆಯ ಪ್ರಶ್ನೆಗೆ ಸುಮ್ಮನೆ. ಎರಡಕ್ಕೂ ಉತ್ತರ ಅಲ್ಲ ಎಂದೇ ಇತ್ತು. ಆರನೆಯದಕ್ಕೆ ಮತ್ತೆ ಕೀಂ. ಅದರ ಉತ್ತರ ಹೌದು. ಆರಕ್ಕೆ ಆರೂ ಸರಿ. ಬಾಗಿಲಾಚೆ ಅಕ್ಕ ಬಿಕ್ಕಿದ್ದು ಕೇಳಿಸಿತು.

ಬಟ್ಟಲಲ್ಲಿ ನಾಲ್ಕು ಚೀಟಿ ಉಳಿದಿದ್ದವು. ಏಳನೆಯದು ತಪ್ಪಾದರೆ? ನಾಲ್ಕನ್ನೂ ಮುಷ್ಟಿಯಲ್ಲಿ ಮುಚ್ಚಿಕೊಂಡು, "ಸಾಕು ಮೇಡಂ, ಆಯ್ತು" ಎಂದೆ.

ಆಗ ಗೊಂಬೆ ಇನ್ನೊಮ್ಮೆ ಕೂಗಿತು. ನಾನು ಏನನ್ನೂ ಕೇಳಿರಲಿಲ್ಲ.

ಹೊರಗೆ ಬಂದು, "ಎಲ್ಲಾ ಗೊತ್ತಾಗ್ತದೆ" ಎಂದುಬಿಟ್ಟೆ. ತಮ್ಮ ಒಳಗೆ ಹೋಗಿ ಮಂಚದ ಬಳಿ ನೆಲಕ್ಕೆ ಕುಳಿತು, ಚಿಕ್ಕಂದಿನ ಏನನ್ನೋ ಹೇಳಿ ಅತ್ತರು. ವ್ಯಾಯಾಮ ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ. ಹನ್ನೊಂದನೆಯ ದಿನ ಮೇಡಂ ಅವರಿಗೆ ಮತ್ತೊಮ್ಮೆ ರಕ್ತಸ್ರಾವವಾಯಿತು. ಈ ಸಲ ಹುಬ್ಬಳ್ಳಿ ಮುಟ್ಟಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ಎಣಿಸಿದೆ. ನಾನು ಕೇಳಿದ ಆರರಲ್ಲಿ ನಾಲ್ಕು ಸುಮ್ಮನಿದ್ದರೆ ಸರಿಯಾಗುವಂಥವು. ಏನೂ ತಿಳಿಯದವರೂ ಸುಮ್ಮನಿರುತ್ತಾರೆ. ಹೌದು ಎನ್ನಬೇಕಿದ್ದ ಐದರಲ್ಲಿ ಮೂರು ನನ್ನ ಮುಷ್ಟಿಯಲ್ಲೇ ಉಳಿದಿದ್ದವು. ನನ್ನ ಬಳಿ ಇದ್ದದ್ದು ಎರಡು ಕೂಗು ಮಾತ್ರ. ಮತ್ತೆ ಆ ಕೊನೆಯ ಕೂಗು. ಅದು ಸುಮ್ಮನೆ ಬೆರಳು ಮಡಚಿದ್ದಾದರೆ ಮೊದಲ ಎರಡೂ ಹಾಗೆಯೇ ಇರಬಹುದು. ನಿಲ್ಲಿಸಬೇಡ ಎಂದು ನನ್ನನ್ನು ಗದರಿದ್ದಾದರೆ… ಮೇಡಂ ಪೂರ್ತಿಯಾಗಿ ಅಲ್ಲೇ ಇದ್ದರು, ನಾನು ಅವರ ಬಾಯಿ ಮುಚ್ಚಿ ಎದ್ದು ಬಂದೆ. ತಿಳಿಯುತ್ತಿರಲಿಲ್ಲ ಎಂದಾದರೆ, ನನ್ನ ಒಂದು ಮಾತಿನಿಂದ ಹನ್ನೊಂದು ದಿನ ಆ ನೋವು ತಿಂದರು. ಯಾವ ಕಡೆ ತಿರುಗಿದರೂ ನಾನೇ ಸಿಗುತ್ತೇನೆ.

ಅಕ್ಕ ಈಗಲೂ ಫೋನ್ ಮಾಡುತ್ತಾರೆ. "ನೀ ಪರೀಕ್ಷೆ ಮಾಡಿ ಹೇಳಿದ್ಯಲ್ಲೇ, ಕಡೆವರೆಗೂ ಅವಳಿಗೆ ಗೊತ್ತಾಗ್ತಿತ್ತು ಅಂತ. ಅದೊಂದೇ ನನಗೆ ಸಮಾಧಾನ" ಎನ್ನುತ್ತಾರೆ. ನಾನು ಹೌದು ಅಕ್ಕಾ ಎನ್ನುತ್ತೇನೆ.

ನಲವತ್ತು ಜನರ ಸಂಶೋಧನೆಯಾದರೆ ತಪ್ಪಿದ್ದನ್ನು ಮತ್ತೊಮ್ಮೆ ಮಾಡಬಹುದು. ನನ್ನ ಪ್ರಶ್ನೆ ಇದ್ದದ್ದು ಒಬ್ಬರ ಬಗ್ಗೆ, ಅವರು ಇಲ್ಲ. ನಾನು ಮಾತಾಡಿದ್ದು ಅವರಿಗೆ ತಿಳಿಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.