ಎಡಗೆನ್ನೆಯ ಮೇಲೆ ಕೆಂಪಿಯ ನಾಲಿಗೆ

ಮೈಗಾಗುವ ಸೋಜಿಗಗಳಿಗೆಲ್ಲ ಡಾಕ್ಟರ ಬಳಿ ಒಂದು ಕಾರಣ ಇದ್ದೇ ಇರುತ್ತದೆ ಎಂದು ನಂಬಿದವನು ನಾನು. ನಂಬಲಾಗದ್ದನ್ನು ಹೇಳಿಕೊಂಡು ಬಂದವರಿಗೆ ಕಾಫಿ ಕೊಟ್ಟು ಕಳಿಸಿಬಿಡುತ್ತಿದ್ದೆ. ಓದುಗರೂ ನನಗೆ ಅಷ್ಟು ಮರ್ಯಾದೆ ಮಾಡಿದರೆ ಸಾಕು.

ಅರಕೆರೆಯ ನಮ್ಮ ಕೊಟ್ಟಿಗೆಯಲ್ಲಿ ಕೆಂಪಿ ಎಂಬ ಹಸುವಿತ್ತು. ಒಂದು ಬೆಳಿಗ್ಗೆ ಅದು ನೊಣ ಓಡಿಸಲು ತಲೆ ಬೀಸಿತು. ದಾರಿಯಲ್ಲಿ ನನ್ನ ಎಡಗೆನ್ನೆಯಿತ್ತು. ಮೂಳೆ ಮುರಿದು ಒಳಕ್ಕೆ ಕುಸಿಯಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ, ಅದನ್ನು ಎತ್ತಿ ನಿಲ್ಲಿಸಿ, ಪುಟ್ಟ ಪ್ಲೇಟು ಕೂರಿಸಿ ಸ್ಕ್ರೂ ಬಿಗಿದರು. ಮೂಳೆ ಸೊಗಸಾಗಿ ಕೂಡಿಕೊಂಡಿತು. ಕೆನ್ನೆಗೆ ಮಾತ್ರ ಸ್ಪರ್ಶವೇ ಇಲ್ಲ. ಜಜ್ಜಿದ ನರ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ, ಕಾಯಿರಿ ಎಂದರು. ಕಾದೆ. ಎರಡು ವರ್ಷ ಕಳೆದ ಮೇಲೆ, “ಇನ್ನು ಆಸೆ ಇಟ್ಕೋಬೇಡಿ” ಎಂದರು.

ತುಟಿಯ ಮೇಲೆ ಸಾರು ಇಳಿದರೂ ನನಗೆ ತಿಳಿಯದು. ಮದುವೆ ಊಟದ ಪಂಕ್ತಿಯಲ್ಲಿ ಹೆಂಡತಿ ಕಣ್ಸನ್ನೆ ಮಾಡಬೇಕು. ಮೊಮ್ಮಗಳು ಮುತ್ತಿಟ್ಟರೆ ಸದ್ದು ಕೇಳಿ ಸಂತೋಷಪಡಬೇಕು. ಕ್ಷೌರದ ಸಿದ್ದನಿಗೊಬ್ಬನಿಗೇ ಖುಷಿ: “ಕುಯ್ದ್ರೂ ಕೆಮ್ಮದಿರೋ ಗಿರಾಕಿ ಎಲ್ ಸಿಕ್ತಾನೆ ಬುಡಣ್ಣ!”

ಕೆಂಪಿಯನ್ನು ಹೆಂಡತಿ ಆಗಲೇ ಸಾಗಹಾಕಿದ್ದಳು. “ಇನ್ನೊಂದು ಕೆನ್ನೆ ಮಿಕ್ಕದಲ್ಲ, ಅದುನ್ನೂ ಕೊಡ್ತೀರಾ ಅವಳ್ಗೆ?” ಎಂದಿದ್ದಳು. ಅವಳ ತಮ್ಮ ನಾಗಣ್ಣ ಟೆಂಪೋ ತಂದು ಹಸುವನ್ನು ಕೆ.ಆರ್.ಪೇಟೆಯ ಹತ್ತಿರದ ತನ್ನೂರಿಗೆ ಕರೆದೊಯ್ದ.

ಕಳೆದ ಶ್ರಾವಣದ ಒಂದು ಸಂಜೆ ಬೇರೊಂದು ಹಸುವಿನ ಹಾಲು ಕರೆಯುತ್ತಿದ್ದೆ. ಎಡಗೆನ್ನೆಯ ಮೇಲೆ, ತುಟಿಯ ಅಂಚಿನಿಂದ ಕಣ್ಣಿನ ಕೆಳಗಿನವರೆಗೆ, ಬೆಚ್ಚಗೆ, ಒರಟಾಗಿ ನೆಕ್ಕಿದಂತಾಯಿತು. ಹಸುವಿನ ನಾಲಿಗೆಯೇ, ಕೊಟ್ಟಿಗೆಯಲ್ಲಿ ಬೆಳೆದವನಿಗೆ ಅದನ್ನು ಯಾರೂ ಪರಿಚಯಿಸಬೇಕಿಲ್ಲ. ತಿರುಗಿದೆ. ಏನೂ ಇಲ್ಲ. ಇದ್ದೊಂದು ಹಸು ಗೊಂತಿನಲ್ಲಿ ಮುಖವಿಟ್ಟು ಹುಲ್ಲು ಮೇಯುತ್ತಿತ್ತು. ಕೆನ್ನೆ ಮುಟ್ಟಿ ನೋಡಿದೆ. ಒಣಗಿತ್ತು. ಆದರೆ ಬೆರಳು ಮುಟ್ಟಿದ್ದು ಕೆನ್ನೆಗೆ ತಿಳಿಯಿತು!

ಹಾಲಿನ ಪಾತ್ರೆ ಹಿಡಿದು ಒಳಗೆ ಬರುವಷ್ಟರಲ್ಲಿ ನಾಗಣ್ಣನ ಫೋನು. “ಬಾವ, ಕೆಂಪಿ ಈಗ್ತಾನೆ ಕರ ಹಾಕುದ್ಲು. ನೆಕ್ತಾವ್ಳೆ, ನೆಕ್ತಾವ್ಳೆ, ನಿಲ್ಲುಸ್ತಾನೇ ಇಲ್ಲ!”

“ಕೆಲವರಿಗೆ ತಡವಾಗಿ ಬರುತ್ತೆ” ಎಂದರು ಡಾಕ್ಟರು. ಒಪ್ಪಿದೆ. ಆದರೆ ಸ್ಪರ್ಶ ಮರಳಿದ್ದು ನಾಲಿಗೆಯಗಲದ ಒಂದು ಪಟ್ಟಿಗೆ ಮಾತ್ರ. ಅದೇಕೆ ಎಂದು ಕೇಳಿದ್ದಕ್ಕೆ ಅವರು ಮುಂದಿನ ರೋಗಿಯನ್ನು ಕರೆದರು. ಮೊಮ್ಮಗಳಿಗೆ ಆ ಜಾಗ ತೋರಿಸಿಕೊಟ್ಟಿದ್ದೇನೆ.

ಮನಸ್ಸು ತಡೆಯದೆ ನಾಗಣ್ಣನ ಊರಿಗೆ ಹೋದೆ. ಕೆಂಪಿ ನನ್ನನ್ನು ಹೊಸಬನಂತೆ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಎಡಗೆನ್ನೆಯನ್ನು ಮುಂದೆ ಮಾಡಿಕೊಂಡು, ತಾಲ್ಲೂಕು ಕಚೇರಿಗೆ ಅರ್ಜಿ ತಂದವನಂತೆ ಬಹಳ ಹೊತ್ತು ಕೂತಿದ್ದೆ. ಕೊನೆಗೆ ನಾಗಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಗಂಭೀರವಾಗಿ ಕೇಳಿ, ಕಾಫಿ ಕೊಟ್ಟು ಕಳಿಸಿದ.