ಮಾತ್ರೆ ಬಿಟ್ಟ ಎಂಟು ದಿನ

ನಮ್ಮ ಓಣಿಯಲ್ಲಿ ಯಾರನ್ನೇ ಕೇಳಿದರೂ ಒಂದೇ ಉತ್ತರ ಬರುತ್ತದೆ: ಶಾರದೆಯ ಮೈತುರಿಕೆ ಬಿಜ್ಜರಗಿಯ ಮಾಳವ್ವನ ಎಲೆಯಿಂದ ಹೋಯಿತು, ಅದೂ ಮೂರೇ ದಿನಕ್ಕೆ. ಅವ್ವ ಇದನ್ನು ನಳದ ಕಟ್ಟೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಎಷ್ಟು ಸಲ ಹೇಳಿದ್ದಾಳೆಂದರೆ, ನನಗೆ ಗುರುತಿಲ್ಲದವರೂ ನನ್ನ ಮೊಣಕೈ ಹಿಡಿದು ತಿರುಗಿಸಿ ನೋಡಿ ತಲೆದೂಗುತ್ತಾರೆ. ನಾನು ಕಾಲೇಜಿನ ಚರ್ಚಾಕೂಟದಲ್ಲಿ ನಾಲ್ಕು ವರ್ಷ ಮಾತಾಡಿದವಳು. ಎರಡು ಕಾರಣಗಳು ಒಂದೇ ದಿನ ಜೊತೆಗೆ ಬಂದರೆ ಫಲ ಯಾವುದರದು ಎಂದು ಕೇಳಲೇಬೇಕು. ಎಲೆ ಕಟ್ಟಿಸಿಕೊಂಡ ದಿನವೇ ನಾನು ಡಾಕ್ಟರರ ಮಾತ್ರೆಯನ್ನೂ ನುಂಗಲು ಶುರುಮಾಡಿದ್ದೆ. ಕಥೆ ಹೇಳುವಾಗ ಅವ್ವ ಮಾತ್ರೆಯನ್ನು ಬಿಟ್ಟುಬಿಡುತ್ತಾಳೆ.

ಆ ತುರಿಕೆ ಎಂಥದೆಂದು ಹೇಳದಿದ್ದರೆ ಈ ಪ್ರಯಾಣ ಯಾಕೆಂದು ತಿಳಿಯುವುದಿಲ್ಲ. ಎರಡೂ ಮೊಣಕೈ, ಎರಡೂ ಮೊಣಕಾಲು, ಬೆನ್ನಿನ ಕೆಳಗೆ ಸಾಸಿವೆ ಕಾಳಿನಂಥ ನೀರುಗುಳ್ಳೆ. ಕೆರೆದರೆ ಒಡೆಯುತ್ತಿದ್ದವು, ಒಡೆದರೆ ಉರಿಯುತ್ತಿದ್ದವು, ಉರಿ ಆರುವಷ್ಟರಲ್ಲಿ ಹೊಸವು ಏಳುತ್ತಿದ್ದವು. ಧಾರವಾಡದ ಸ್ಪರ್ಧೆಯೊಂದರಲ್ಲಿ ಮೈಕಿನ ಮುಂದಿನ ಮೇಜಿನ ಅಂಚಿಗೆ ಮೊಣಕೈ ತಿಕ್ಕುತ್ತಲೇ ಮಾತಾಡಿ ಬಹುಮಾನ ತಂದೆ. ತೀರ್ಪುಗಾರರು ನನ್ನ “ಆವೇಶದ ಅಭಿನಯ”ವನ್ನು ಹೊಗಳಿದ್ದರು.

ಕೊನೆಗೆ ಸೊಲ್ಲಾಪುರದಿಂದ ತಿಂಗಳಿಗೆ ಎರಡು ಸಲ ವಿಜಾಪುರಕ್ಕೆ ಬರುವ ಚರ್ಮದ ಡಾಕ್ಟರರು ನೋಡಿದರು. ಅವರು ಚರ್ಮದ ಬಗ್ಗೆ ಕೇಳಿದ್ದು ಕಡಿಮೆ, ಊಟದ ಬಗ್ಗೆ ಕೇಳಿದ್ದೇ ಹೆಚ್ಚು. “ಇದರ ಬೇರು ಹೊಟ್ಟಿಯೊಳಗ ಐತಿ. ಸೀಲಿಯಾಕ್ ಅಂತಾರ. ಗೋಧಿ ನಿನ್ನ ಕರುಳಿಗೆ ಆಗಿಬರೂದಿಲ್ಲ. ಜಗಳ ಅಲ್ಲಿ, ಗುಳ್ಳಿ ಇಲ್ಲಿ” ಎಂದು ನನ್ನ ಮೊಣಕೈ ಮುಟ್ಟಿ ತೋರಿಸಿದರು. ಮಾತ್ರೆ ತುರಿಕೆಯನ್ನು ಬೇಗ ನಿಲ್ಲಿಸುತ್ತದೆ, ಆದರೆ ಬೇರು ಕೀಳಬೇಕಾದರೆ ಗೋಧಿ ಪೂರ್ತಿ ಬಿಡಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು ಎಂದರು. ಆ ಮಾತ್ರೆಯನ್ನು ಕುಷ್ಠಕ್ಕೂ ಕೊಡುತ್ತಾರೆ. ಔಷಧದ ಅಂಗಡಿಯವನು ಚೀಟಿ ಓದಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, “ಇದು ಯಾರಿಗ್ರಿ, ನಿಮಗ?” ಎಂದು ಕೇಳಿ ಒಂದು ಹೆಜ್ಜೆ ಹಿಂದೆ ಸರಿದ. ಅವ್ವ ಎಲೆಯ ಕಥೆಯನ್ನು ಅಷ್ಟು ಗಟ್ಟಿಯಾಗಿ ಸಾರಿದ್ದಕ್ಕೆ ಈ ಕುಷ್ಠದ ಅಂಜಿಕೆಯೇ ಕಾರಣ ಎಂದು ನಾನು ಬಹಳ ದಿನ ತಿಳಿದಿದ್ದೆ.

ನಮ್ಮ ಸೀಮೆಯಲ್ಲಿ ದಿನದ ಊಟ ಜೋಳದ ರೊಟ್ಟಿ. ಗೋಧಿ ಹಬ್ಬಕ್ಕೆ, ಬೀಗರಿಗೆ, ಮತ್ತು ಜಡ್ಡಾದವರಿಗೆ. ಜೋಳ ಜಡ, ಗೋಧಿ ಹಗುರ ಎಂಬುದು ಅವ್ವನ ವೈದ್ಯಶಾಸ್ತ್ರ. ಅಪ್ಪ ಕಚೇರಿಯ ಗುಮಾಸ್ತರು. ಅವರ ಪಗಾರದಲ್ಲಿ ದಿನಾ ಎಲ್ಲರಿಗೂ ಚಪಾತಿ ಆಗುತ್ತಿರಲಿಲ್ಲ. ಆದ್ದರಿಂದ ಅವ್ವ ತಾನು ರೊಟ್ಟಿ ತಿಂದು, ತುರಿಕೆಯಲ್ಲಿ ಸೊರಗುತ್ತಿದ್ದ ನನಗೆ ಮಾತ್ರ ತುಪ್ಪ ಸವರಿದ ಚಪಾತಿ ಹಾಕುತ್ತಿದ್ದಳು. ತುರಿಕೆ ಹೆಚ್ಚಾದಷ್ಟೂ ಚಪಾತಿ ಹೆಚ್ಚಾಯಿತು. ಡಾಕ್ಟರರ ಮಾತು ಕೇಳಿದ ದಿನ ಅವ್ವ ಗೋಧಿ ಹಿಟ್ಟಿನ ಡಬ್ಬಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟಳು. ಮರುದಿನದಿಂದ ನನ್ನ ತಾಟಿಗೂ ರೊಟ್ಟಿ ಬಂತು. “ನಿನ್ನ ಹಟಕ್ಕ ಮಾಡ್ತೇನಿ, ನಂಬಿಕೀಲೆ ಅಲ್ಲ” ಎಂದಳು.

ಎರಡು ವರ್ಷ ಹೀಗೆ ಕಳೆಯಿತು. ಮಾತ್ರೆ ತುರಿಕೆಯನ್ನು ತಡೆದಿತ್ತು, ಆದರೆ ರಕ್ತವನ್ನು ತಿನ್ನುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ತುಟಿ ಬಿಳಿಚು. ಡಾಕ್ಟರರು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ ಬಂದು, ೧೯೭೭ರ ಸಂಕ್ರಾಂತಿ ಮುಗಿದ ಮೇಲೆ, “ಈಗ ಬಿಟ್ಟುಬಿಡು. ಎಂಟು ದಿನ ನೋಡು. ತಿರುಗಿ ಬರೂದಿದ್ದರ ಅಷ್ಟರಾಗ ಬರತೈತಿ. ಬಂದರ ಜೋಡೀಲೆ ಬರತೈತಿ, ಎಡಕ್ಕೂ ಬಲಕ್ಕೂ. ಅದನ್ನ ನೆನಪಿಡು” ಎಂದರು. ಬಂದರೆ ಮತ್ತೆ ಮಾತ್ರೆ, ಮತ್ತೆ ಬಿಳಿಚು ತುಟಿ. ಬರದಿದ್ದರೆ ನಾನು ಬಿಡುಗಡೆ.

ಅವ್ವ ಕೇಳಿಸಿಕೊಂಡದ್ದು ಒಂದನ್ನೇ. “ಮಾತ್ರಿ ಬಿಡು ಅಂದ್ರಂದ್ರ ಪೂರಾ ಆರಾಮ ಆತು. ಹರಕಿ ಮುಟ್ಟಸೂಣು.” ನನಗೆ ಗುಣವಾದರೆ ಮಾಳವ್ವನ ಅಂಗಳದಲ್ಲಿ ಐವರು ಮುತ್ತೈದೆಯರಿಗೆ ಗೋಧಿ ಹುಗ್ಗಿ ಉಣಿಸುತ್ತೇನೆ, ಮೊದಲ ತುತ್ತು ಮಗಳಿಗೆ, ಎಂದು ಬೇಡಿಕೊಂಡಿದ್ದಳಂತೆ. ಗುಣವಾದದ್ದರ ಉಪಕಾರಕ್ಕೆ ರೋಗವನ್ನೇ ಬೆಲ್ಲ ಹಾಕಿ ಉಣ್ಣಬೇಕು! ಬೇಡವೆಂದರೆ ಮನೆಯಲ್ಲೇ ರಂಪವಾಗುತ್ತಿತ್ತು. ಹೋಗೋಣ, ಮಾಳವ್ವನೆದುರೇ ಇತ್ಯರ್ಥವಾಗಲಿ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ನನ್ನ ವಾದದ ಅಂಶಗಳನ್ನು ಬರೆದಿಟ್ಟುಕೊಂಡೆ.

ಮಾತ್ರೆ ಬಿಟ್ಟ ಮೂರನೆಯ ದಿನ ಬೆಳಿಗ್ಗೆ ವಿಜಾಪುರದಿಂದ ಬಸ್ಸು ಹಿಡಿದೆವು. ಮೊದಲು ಬಬಲೇಶ್ವರ, ಅಲ್ಲಿ ಅಪ್ಪನ ಅಕ್ಕ ಗೌರತ್ತಿಯ ಮನೆ. ಅಲ್ಲಿಂದ ತಿಕೋಟಾ ದಾಟಿ ಬಿಜ್ಜರಗಿ. ಬಬಲೇಶ್ವರದವರೆಗಿನ ಹದಿನೈದು ಮೈಲಿಗೆ ಒಂದು ತಾಸಿನ ಮೇಲೆ ಹಿಡಿಯಿತು. ಚಳಿಗೆ ಎಲ್ಲರೂ ಕಿಟಕಿಯ ಪರದೆ ಇಳಿಸಿದ್ದರು. ನಾನೊಬ್ಬಳೇ ಎತ್ತಿ ನೋಡುತ್ತಿದ್ದೆ. ಎರಡೂ ಕಡೆ ಎರೆಹೊಲ, ತೆನೆ ತುಂಬಿ ನಿಂತ ಬಿಳಿಜೋಳ. ಅವ್ವ ಕಾಲ ನಡುವೆ ಒಂದು ಗಂಟು ಇಟ್ಟುಕೊಂಡಿದ್ದಳು. ಹರಕೆಯ ಗೋಧಿ ಎಂದು ನಾನು ಕೇಳದೆಯೇ ತಿಳಿದುಕೊಂಡೆ. ಅದಕ್ಕೆ ಕಾಲು ತಾಗದಂತೆ ಕುಳಿತೆ.

ಬಬಲೇಶ್ವರದಲ್ಲಿ ಗೌರತ್ತಿ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು. ಅರವತ್ತರ ಹೆಂಗಸು ಬೆವರು ಸುರಿಸುತ್ತ ಜೋಳ ಬೀಸುತ್ತಿದ್ದಳು.

“ಯಾಕತ್ತಿ, ಗಿರಣಿ ಇಲ್ಲೇನು?”

“ಕೆಟ್ಟೈತಿ ಬೇ.”

ಹಿಂದಿನ ಓಣಿಯಿಂದ ಗಿರಣಿಯ ಎಂಜಿನ್ನು ಪುಕ್ ಪುಕ್ ಎನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು. “ಅತ್ತಿ, ಕೆಟ್ಟ ಗಿರಣಿ ಕೂಗಾಕತ್ತೈತಲ್ಲ?”

“ವಕೀಲಕಿ ಬಂದಳು ನೋಡ್ರಿ! ಕೂಗಿದ್ರ ಕೂಗಲಿ, ನಿನಗೇನು? ಕೈಕಾಲು ತೊಳಕೊಂಡು ಬಂದು ರೊಟ್ಟಿ ತಿನ್ನು.” ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಕೆನೆಮೊಸರು, ಕಾದ ಹಂಚಿನಿಂದ ನೇರ ತಾಟಿಗೆ ಬಂದ ರೊಟ್ಟಿ. ಗಿರಣಿಯವನಿಗೆ ಕೊಡುವ ನಾಲ್ಕಾಣೆ ಉಳಿಸಲು ಅತ್ತೆ ಸುಳ್ಳು ಹೇಳುತ್ತಾಳೆ ಎಂದು ತೀರ್ಮಾನಿಸಿ ನಾಲ್ಕು ರೊಟ್ಟಿ ತಿಂದೆ.

ಐದನೆಯ ದಿನ ಕೋಳಿ ಕೂಗುವ ಹೊತ್ತಿಗೆ ಎಚ್ಚರವಾಯಿತು. ಬಲಗೈ ತುರಿಸುತ್ತಿತ್ತು. ಮುಟ್ಟಿದರೆ ಗುಳ್ಳೆ. ಒಂದಲ್ಲ, ಮೂರು. ಎರಡು ವರ್ಷದ ರೊಟ್ಟಿ, ವಾದ, ಮದುವೆ ಮನೆಗಳಲ್ಲಿ ಉಪವಾಸ ಬಿದ್ದದ್ದು, ಎಲ್ಲವೂ ನೀರಿಗೆ ಹೋಯಿತು ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಹೊತ್ತಿನಲ್ಲಿ ಮಾಳವ್ವನ ಎಲೆ ಸಿಕ್ಕಿದ್ದರೆ ನಾನೇ ಅರೆದು ಕಟ್ಟಿಕೊಳ್ಳುತ್ತಿದ್ದೆ. ಗೌರತ್ತಿ ದೀಪ ತಂದು ನೋಡಿ, ಹೊರಸಿನ ಹಗ್ಗ ಸರಿಸಿ, ಉಗುರಿನಿಂದ ಏನನ್ನೋ ಚಿವುಟಿ ಹೊರಗೆ ತೆಗೆದಳು.

“ತಗೋ, ನಿನ್ನ ರೋಗ. ತಗಣಿ!”

ಆಗ ನೆನಪಾಯಿತು: ಜೋಡಿಯಾಗಿ ಬರಬೇಕು. ಎಡಗೈ ನೋಡಿದೆ, ನುಣ್ಣಗಿತ್ತು. ಎರಡೂ ಮೊಣಕಾಲು ನುಣ್ಣಗಿದ್ದವು. ಅತ್ತೆ ನಕ್ಕಳು, ನಾನೂ ನಕ್ಕೆ. ತಿಗಣೆ ಕಚ್ಚಿದ್ದಕ್ಕೆ ಅಷ್ಟು ಸಂತೋಷಪಟ್ಟವರು ಆ ಊರಲ್ಲಿ ನನ್ನ ಹೊರತು ಯಾರೂ ಇರಲಿಕ್ಕಿಲ್ಲ. ಅವ್ವ ಮಾತ್ರ ನಗಲಿಲ್ಲ. ನನ್ನ ಎಡಗೈ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಆ ದಿನ ಸಂಜೆ ಅತ್ತೆಯ ಹೊಲದಲ್ಲಿ ಜೋಳದ ಎಳೆ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಸೀತನಿ ತಿಂದೆವು. ಇದರೊಳಗೆ ಏನು ಬೆರೆತಿದೆ ಎಂದು ಕೇಳಬೇಕಾಗಿಲ್ಲದ ತಿಂಡಿ ಅದೊಂದೇ.

ಆರನೆಯ ದಿನ ತಿಕೋಟಾ. ಬಿಜ್ಜರಗಿಯ ಕಡೆಗೆ ಹೋಗುವ ಚಕ್ಕಡಿಗಾಗಿ ಎರಡು ತಾಸು ಕಾಯಬೇಕಾಯಿತು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಭಜಿ ಕರಿಯುತ್ತಿದ್ದರು.

“ಇದರಾಗ ಬರೇ ಕಡ್ಲಿಹಿಟ್ಟು ಏನ್ರಿ?”

“ಖರೇ ಕಡ್ಲಿಹಿಟ್ಟು ಅಕ್ಕಾರ.”

“ಬ್ಯಾರೆ ಏನೂ ಇಲ್ಲ?”

“ಏನೂ ಇಲ್ರಿ. ಒಂದೀಟು ಮೈದಾ, ಗರಿಗರಿ ಆಗ್ಲಿ ಅಂತ.”

“ಮತ್ತ ಬರೇ ಕಡ್ಲಿಹಿಟ್ಟು ಅಂದ್ರಿ?”

“ಅಕ್ಕಾರ, ತಿನ್ನಾಕ ಬಂದೀರೋ, ಇನ್‌ಸ್ಪೆಕ್ಷನ್ನಿಗೆ ಬಂದೀರೋ?”

ಎರಡು ಬಾಳೆಹಣ್ಣು ತಿಂದು ಚಕ್ಕಡಿ ಹತ್ತಿದೆ. ದಾರಿಯುದ್ದಕ್ಕೂ ಅವ್ವ ಚಕ್ಕಡಿಯವನಿಗೆ ಎಲೆಯ ಕಥೆ ಹೇಳಿದಳು. “ಮೂರನೇ ದಿನಕ್ಕ ತುರಿಕಿ ಮಂಗಮಾಯ!” ನಾನು ಎರಡು ಸಲ ಮಾತ್ರೆಯ ಹೆಸರೆತ್ತಿದೆ. ಅವನು ಎತ್ತುಗಳಿಗೆ ಬಾರುಕೋಲು ತೋರಿಸಿದ.

ಮಾಳವ್ವನದು ಬಿಜ್ಜರಗಿಯ ಅಂಚಿನ ಮನೆ. ಅಂಗಳದ ಅರ್ಧ ಕುರಿಹಟ್ಟಿ. ಆಕೆಗೆ ಎಪ್ಪತ್ತಾಗಿರಬೇಕು, ಒಂದು ಕಣ್ಣಿನಲ್ಲಿ ಹೂ ಬಿದ್ದಿತ್ತು. ಕುರಿಯೊಂದರ ಗೊರಸಿಗೆ ಬೇವು ಅರಿಷಿಣ ಮೆತ್ತುತ್ತಿದ್ದಳು. ಎರಡು ವರ್ಷದ ಹಿಂದೆ ನನ್ನ ಮೊಣಕೈಗೆ ಮೆತ್ತಿದ್ದೂ ಅದನ್ನೇ. ಸಂಜೆಯ ಚಹಾ ಮುಗಿಯುತ್ತಲೇ ನಾನು ನನ್ನ ಮೊದಲ ಅಂಶ ಎತ್ತಿದೆ.

“ಆಯಿ, ನಿಮ್ಮ ಎಲಿ ಎಷ್ಟು ಮಂದಿಗೆ ಹತ್ತೈತಿ, ಎಷ್ಟು ಮಂದಿಗೆ ಹತ್ತಿಲ್ಲ?”

ಅವ್ವ ನನ್ನ ತೊಡೆ ಚಿವುಟಿದಳು. ಮಾಳವ್ವ ಯೋಚಿಸಿದಳು.

“ಹತ್ತಿದವರು ಹುಗ್ಗಿ ತಗೊಂಡು ಬರ್ತಾರ. ಹತ್ತದವರು ಬರೂದಿಲ್ಲ. ಬರದವರನ್ನ ನಾ ಹೆಂಗ ಎಣಸ್ಲಿ ಯವ್ವಾ?”

ಈ ಉತ್ತರಕ್ಕಾಗಿಯೇ ನಾನು ಎರಡು ಪುಟ ಬರೆದುಕೊಂಡು ಬಂದಿದ್ದೆ. ಎದುರು ಪಕ್ಷದವರು ಅದನ್ನು ವಾದವಿಲ್ಲದೆಯೇ ಒಪ್ಪಿಕೊಟ್ಟ ಮೇಲೆ ಏನು ಮಾತಾಡುವುದು? ಉಳಿದದ್ದು ಹುಗ್ಗಿಯ ವಿಷಯ ಒಂದೇ. ಏನೇ ಆಗಲಿ ಬಾಯಿ ತೆರೆಯುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ನೆರೆಮನೆಗಳಿಂದ ಐವರು ಹೆಂಗಸರು ಬಂದರು. ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಅವ್ವ ಗಂಟು ಬಿಚ್ಚಿದಳು. ಒಳಗೆ ಗೋಧಿ ಇರಲಿಲ್ಲ. ಹಳದಿ ಬಣ್ಣದ ಸಣ್ಣ ಕಾಳು, ಒಂದೊಂದೂ ಹೊಟ್ಟು ಬಿಟ್ಟು ಹೊಳೆಯುತ್ತಿತ್ತು. ನವಣೆ.

“ಇದೇನ್ ಬೇ?” ಎಂದಳು ಬಂದವರಲ್ಲಿ ಒಬ್ಬಳು. “ಹರಕಿ ಹುಗ್ಗಿಗೆ ನವಣಿ? ವಿಜಾಪುರದಾಗ ಗೋಧಿ ತೀರ್ಯಾವೇನು?”

ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡಲಿಲ್ಲ. “ಗೋಧೀದು ಅಂತನ ಬೇಡಕೊಂಡಿದ್ದೆ. ತಪ್ಪಾತು ಅಂತ ದೇವರಿಗೆ ಹೇಳೀನಿ. ಹರಕಿ ಕೆಟ್ರ ನನ್ನ ತಲಿಮ್ಯಾಲ ಬರ್ಲಿ. ಆಕಿ ಮೈಮ್ಯಾಲ ಬ್ಯಾಡ.”

ಎಲ್ಲರೂ ಮಾಳವ್ವನ ಮುಖ ನೋಡಿದರು. ಹರಕೆ ಮುಟ್ಟಿತೋ ಇಲ್ಲವೋ ಹೇಳಬೇಕಾದವಳು ಆಕೆಯೇ. ಆಕೆ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಸರಿಯಿದ್ದ ಕಣ್ಣಿಗೆ ಹತ್ತಿರ ತಂದು ನೋಡಿದಳು.

“ಒಳ್ಳೇ ಕುಟ್ಟೀಯವ್ವಾ. ಒಂದು ಹರಳಿಲ್ಲ.” ನಂತರ ಉಳಿದವರಿಗೆ, “ಕುರಿಗಿ ಆಗದ ಸೊಪ್ಪು ನಾವ ಹಾಕೂದಿಲ್ಲ. ದೇವರಿಗೆ ನಮ್ಮಷ್ಟೂ ತಿಳೀದೇನು? ಒಲಿ ಹಚ್ರಿ, ಬಿಸಲೇರತೈತಿ” ಎಂದಳು.

ಗೌರತ್ತಿಯ ಸುಳ್ಳು ಆಗ ಅರ್ಥವಾಯಿತು. ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಮೇಲೆ ಇನ್ನೊಬ್ಬರ ಜೋಳ ಹಾಕುತ್ತಾರೆ, ಕಲ್ಲಿನಲ್ಲಿ ಉಳಿದದ್ದು ಹಿಟ್ಟಿಗೆ ಬರುತ್ತದೆ. ಶಾರಿ ಬರುವ ಮೊದಲು ಮನೆಯಲ್ಲೇ ಬೀಸಿಡು, ಆಕಿಗೆ ಹೇಳಬೇಡ ಎಂದು ಅವ್ವ ಕಾಗದ ಬರೆಸಿದ್ದಳೆಂದು ಅತ್ತೆ ಆಮೇಲೆ ಒಪ್ಪಿಕೊಂಡಳು. ವಿಜಾಪುರದಲ್ಲೂ ಅಷ್ಟೇ. ಎರಡು ವರ್ಷ ಅವ್ವ ಬೆಳಕು ಹರಿಯುವ ಮುಂಚೆ ಎದ್ದು, ಜೋಳದ ಡಬ್ಬಿ ಹೊತ್ತು, ಗಿರಣಿ ತೆರೆದು ಕಲ್ಲು ಗುಡಿಸಿದೊಡನೆ ಮೊದಲ ಪಾಳಿ ಹಿಡಿಯುತ್ತಿದ್ದಳು. ಗದ್ದಲ ತಪ್ಪಿಸಲು ಎಂದು ನಾನು ತಿಳಿದಿದ್ದೆ. ಇದನ್ನು ಅವಳಿಗೆ ಡಾಕ್ಟರರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನನಗೇ ಹೊಳೆದಿರಲಿಲ್ಲ.

ಎಲೆಯ ಕಥೆಯೂ ಆಗಲೇ ಬೇರೆಯಾಗಿ ಕಾಣಿಸಿತು. ಗುಣ ಮಾಡಿದ್ದು ಎಲೆಯಾದರೆ, ಕೆಡಿಸಿದ್ದು ಚಪಾತಿ ಆಗಬೇಕಾಗಿಲ್ಲ. ನಾನು ಗೋಧಿಯ ವಾದ ಗೆದ್ದ ಪ್ರತಿ ಸಲವೂ, ತುಪ್ಪ ಸವರಿ ಹಾಕಿದ ಒಂದೊಂದು ಚಪಾತಿಯನ್ನೂ ಅವ್ವನ ಮುಂದೆ ಎಣಿಸಿಟ್ಟಂತೆ ಆಗಿತ್ತು. ಎರಡು ವರ್ಷ ನಾನು ಬಿಡದೆ ಗೆದ್ದಿದ್ದೆ.

ನೋಟ್‌ಬುಕ್ಕು ಚೀಲದಲ್ಲೇ ಉಳಿಯಿತು. ಬೆಲ್ಲ, ಏಲಕ್ಕಿ, ಕೊಬ್ಬರಿ ಬಿದ್ದ ನವಣೆಯ ಹುಗ್ಗಿ ಕುದಿಯಿತು. ಅವ್ವ ಮೊದಲ ತುತ್ತು ಊದಿ ಆರಿಸಿ ನನ್ನ ಬಾಯಿಗಿಟ್ಟಳು. ಎರಡನೆಯ ಸಲ ನಾನೇ ಕೇಳಿ ಹಾಕಿಸಿಕೊಂಡೆ.

ಎಂಟನೆಯ ದಿನ ಬೆಳಿಗ್ಗೆ ಮಾಳವ್ವನ ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಂಡು ಮೈಯೆಲ್ಲ ನೋಡಿಕೊಂಡೆ. ಮೊಣಕೈ, ಮೊಣಕಾಲು, ಕೈಗೆ ಸಿಕ್ಕಷ್ಟು ಬೆನ್ನು. ಹಳೆಯ ಕಪ್ಪು ಕಲೆಗಳಿದ್ದವು. ಹೊಸದು ಒಂದೂ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ದಿನ ಗಿಡ್ಡ ತೋಳಿನ ಕುಪ್ಪಸ ತೊಟ್ಟೆ. ಗೋಧಿ ಮುಂದೆಯೂ ಮುಟ್ಟುವಂತಿಲ್ಲ, ಬಹುಶಃ ಬದುಕಿರುವವರೆಗೆ. ಆಗಲಿ. ಜೋಳ ಬೆಳೆಯುವ ಸೀಮೆಯಲ್ಲಿ ಹುಟ್ಟಿದ್ದೇನೆ.

ತಿಕೋಟಾದಿಂದ ವಿಜಾಪುರದ ಬಸ್ಸಿನಲ್ಲಿ ನಮ್ಮ ಪಕ್ಕ ಸಂತೆಗೆ ಹೊರಟ ಒಬ್ಬ ಹೆಂಗಸು ಕುಳಿತಳು. ನನ್ನ ಮೊಣಕೈಯ ಕಲೆ ನೋಡಿ ಏನೆಂದು ಕೇಳಿದಳು. ಅವ್ವ ಶುರುಮಾಡಿದಳು: ಬಿಜ್ಜರಗಿ, ಮಾಳವ್ವ, ಎಲೆ, ಮೂರನೆಯ ದಿನ. ನಾನು ಮಾತ್ರೆಯ ಹೆಸರೆತ್ತಲಿಲ್ಲ. ಆ ಹೆಂಗಸು “ಖರೇನವ್ವಾ, ಕೈಗುಣ ಇರಬೇಕು” ಎಂದು ಕೈಮುಗಿದು, ವಿಜಾಪುರದ ಗಡಿಗಿಂತ ಮೊದಲೇ ಇಳಿದು ಹೋದಳು. ಬರಿದಾದ ಗಂಟಿನ ಬಟ್ಟೆಯನ್ನು ಅವ್ವ ಮಡಿಚುತ್ತಿದ್ದಳು. ನಾಲ್ಕು ಮಡಿಕೆಯಾದ ಮೇಲೂ ಮಡಿಚುತ್ತಲೇ ಇದ್ದಳು. ನಾನು ಅವಳ ಕಡೆ ವಾಲಿ, ಈ ಸಲ ಗೆಲ್ಲಲಿಕ್ಕಲ್ಲ, ಮೆಲ್ಲಗೆ ಕೇಳಿದೆ:

“ಅವ್ವಾ, ಎಲೀನ ಗುಣ ಮಾಡಿದ್ರ, ನವಣಿ ಯಾಕ ತಂದಿ?”